ಊರಿನ ದಡಕ್ಕೆ ಕಲ್ಲು ಹಾಕಿಸುವುದಾ, ಬಳ್ಳಿ ನೆಡುವುದಾ? ದೀಪಾವಳಿ ಒಳಗೆ ಹೇಳಬೇಕು

ಪಡುಮನೆ (ವಿಜಯನಗರ), ಅಕ್ಟೋಬರ್ ಮೊದಲ ವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಬೇಡಿ.

ನಮ್ಮ ಊರು ಕಾಪು, ಪಡುಬಿದ್ರಿ ನಡುವೆ. ಕಡಲಿಗೆ ತಾಗಿದ ಮನೆ. ನಾನು ಬೆಂಗಳೂರಿಗೆ ಬಂದು 22 ವರ್ಷ ಆಯಿತು. ಅಮ್ಮ, ಅಣ್ಣ, ಅತ್ತಿಗೆ ಊರಲ್ಲೇ ಇದ್ದಾರೆ. ನಾನು ಸಣ್ಣವನಿದ್ದಾಗ ಜಗಲಿಯಿಂದ ನೀರಿಗೆ ಹೋಗಬೇಕಾದರೆ ಮೂರು ಸಾಲು ತೆಂಗು, ಆಮೇಲೆ ಒಂದು ಮರಳ ದಿಬ್ಬ, ಆಮೇಲೆ ದೋಣಿ ಎಳೆದಿಡುವ ಜಾಗ ದಾಟಬೇಕಿತ್ತು. ದಿಬ್ಬವನ್ನು ನಾವೇ ಸಮತಟ್ಟು ಮಾಡಿದೆವು. ಅಂಗಳದಿಂದ ಕಡಲು ಕಾಣಲಿ ಎಂದು! 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಎರಡನೇ ಸಾಲು ತೆಂಗು ಹೋಯಿತು. ಈ ಮಳೆಗಾಲದಲ್ಲಿ ಉಳಿದ ಸಾಲಿನಲ್ಲೂ ನಾಲ್ಕು ಮರ ಬೇರು ಸಮೇತ ಬಿದ್ದವು.

ಈಗ ನಮ್ಮ ಬದಿಯ 11 ಮನೆಯವರು ಸೇರಿ ಕಲ್ಲು ಹಾಕಿಸೋಣ ಎನ್ನುತ್ತಿದ್ದಾರೆ. ಮನೆಗೆ 60 ಸಾವಿರ. ಕೊಡುವವರಲ್ಲಿ ಅರ್ಧ ಜನ ಬೆಂಗಳೂರು, ಮುಂಬೈಯಲ್ಲಿರುವ ನನ್ನಂಥವರೇ. ಅಣ್ಣನ ಮಗ ಕಾಲೇಜು ಹುಡುಗ. ಕಲ್ಲು ಬೇಡ, ದಡದಲ್ಲಿ ಬಳ್ಳಿ ನೆಡೋಣ, ಕಾಂಡ್ಲಾ (ಮ್ಯಾಂಗ್ರೋವ್) ನೆಡೋಣ ಎಂದು ಹಟ ಹಿಡಿದಿದ್ದಾನೆ. ಅಣ್ಣ ನಕ್ಕುಬಿಟ್ಟ. ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಕಲ್ಲು ಹಾಕಿದರೆ ದೋಣಿ ಎಲ್ಲಿ ಎಳೆಯುವುದು?"

ದುಡ್ಡು ಕೊಡಲಾ, ಬೇಡವಾ?

ಸಿವಿಲ್ ಯಲಹಂಕ

ಕೊಡುವ ಮೊದಲು ಒಂದು ವಿಷಯ ನೋಡಿ. ಮಳೆಗಾಲದಲ್ಲಿ ಹೋದ ಮರಳು ಮಾರ್ಚ್ ಹೊತ್ತಿಗೆ ವಾಪಸ್ ಬರುತ್ತದಾ, ಇಲ್ಲವಾ? ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ದೊಡ್ಡ ಅಲೆಗಳು ದಡದ ಮರಳನ್ನು ಕೆರೆದು ಸ್ವಲ್ಪ ದೂರ ಒಯ್ದು ನೀರಿನಡಿ ದಿಬ್ಬ ಮಾಡಿ ಇಡುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನಕ್ಕೆ ದಡಕ್ಕೆ ದೂಡುತ್ತವೆ. ಇದು ಕೊರೆತ ಅಲ್ಲ, ಕಡಲಿನ ವರ್ಷದ ಓಡಾಟ. ಜುಲೈಯಲ್ಲಿ ಹೆದರಿ ಕಲ್ಲು ಹಾಕಿಸಿದವರು ಈ ಓಡಾಟದ ಮಧ್ಯೆ ಗೋಡೆ ನಿಲ್ಲಿಸುತ್ತಾರೆ. ಅಲೆ ಗೋಡೆಗೆ ಹೊಡೆದು ಹಿಂದೆ ಪುಟಿಯುತ್ತದೆ, ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಗೋಡೆ ಮುಂದೆ ಆಳ ಜಾಸ್ತಿ ಆಗುತ್ತದೆ. ಆಳ ಆದಷ್ಟೂ ಮುಂದಿನ ಅಲೆ ದೊಡ್ಡದಾಗಿ ಬರುತ್ತದೆ. ಕೆಲವು ವರ್ಷದಲ್ಲಿ ಕಲ್ಲು ಕುಸಿಯುತ್ತದೆ, ಅದರ ಮೇಲೆ ಇನ್ನಷ್ಟು ಕಲ್ಲು. ಗೋಡೆ ಮುಗಿಯುವ ತುದಿಯಲ್ಲಿ ನೀರು ತಿರುಗಿ ಪಕ್ಕದ ಮನೆಯನ್ನು ಕೊರೆಯುತ್ತದೆ. ಆ 11ನೇ ಮನೆಯ ಆಚೆ ಇರುವ 12ನೇ ಮನೆ ಯಾರದ್ದು? ಅವರನ್ನು ಯಾರಾದರೂ ಕೇಳಿದ್ದೀರಾ?

ಮರಳು ವರ್ಷ ವರ್ಷ ಪೂರ್ತಿ ವಾಪಸ್ ಬರುತ್ತಿಲ್ಲ ಎಂದಾದರೆ ಮಾತ್ರ ನಿಜವಾದ ಕೊರೆತ. ಆಗ ಕಾರಣ ಹುಡುಕಬೇಕು. ಹತ್ತಿರದ ಅಳಿವೆಯಲ್ಲಿ (ನದಿ ಕಡಲು ಸೇರುವಲ್ಲಿ) ಬ್ರೇಕ್‌ವಾಟರ್, ಅಂದರೆ ಅಲೆ ತಡೆಯಲು ಕಡಲೊಳಗೆ ಚಾಚಿದ ಕಟ್ಟೆ, ಬಂತಾ? ಪಕ್ಕದ ಊರಲ್ಲಿ ಕಲ್ಲು ಹಾಕಿದರಾ? ನದಿಯಲ್ಲಿ ಮರಳು ತೆಗೆಯುತ್ತಿದ್ದಾರಾ? ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಬ್ರೇಕ್‌ವಾಟರ್ ಬಂದ ಮೇಲೆ ಊರ ಮುಂದಿನ ಬೀಚ್ ಕರಗಿಯೇ ಹೋಯಿತು. ಉತ್ತರಕ್ಕೆ ಸಾಗುತ್ತಿದ್ದ ಮರಳು ಬಂದರಿನ ದಕ್ಷಿಣದಲ್ಲೇ ನಿಂತಿತು. ಉಳಿದದ್ದು ಬರೀ ಕಪ್ಪು ಕಲ್ಲು. ಆಮೇಲೆ ನೀರೊಳಗೆ ಒಂದು ರೀಫ್ (ಅಲೆಯ ಹೊಡೆತ ಇಳಿಸುವ ತಡೆ) ಇಟ್ಟ ಮೇಲೆ ಒಂದು ಬದಿಯಲ್ಲಿ ಮರಳು ಮತ್ತೆ ಕಂಡಿತು.

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ ಲೆಕ್ಕ ಹಾಕಿದೆ. ದೇಶದ ಕರಾವಳಿಯಲ್ಲಿ ಶೇ. 33.6 ಕೊರೆತದಲ್ಲಿದೆ. ಕರ್ನಾಟಕದಲ್ಲಿ ಶೇ. 23.7. ಅಂದರೆ ಮುಕ್ಕಾಲು ಪಾಲು ದಡ ಗಟ್ಟಿಯಾಗಿಯೇ ಇದೆ, ಇಲ್ಲವೇ ಬೆಳೆಯುತ್ತಿದೆ. ನಿಮ್ಮದು ಯಾವ ಪಾಲಿನಲ್ಲಿದೆ ಎಂದು ಗೊತ್ತಾಗದೆ 6 ಲಕ್ಷ 60 ಸಾವಿರ ನೀರಿಗೆ ಹಾಕಬೇಡಿ.

ರಂಪಣಿ (ಪೀಣ್ಯ)

ಯಲಹಂಕ ಸರ್, ನೀವು ಹೇಳಿದ್ದು ಪುಸ್ತಕದಲ್ಲಿ ಸರಿ. ನಮ್ಮದು ಉಳ್ಳಾಲದ ಹತ್ತಿರ. ರಾತ್ರಿ ಎರಡು ಗಂಟೆಗೆ ಅಡುಗೆ ಮನೆಗೆ ನೀರು ಬಂದಾಗ ಮರಳು ಮಾರ್ಚ್‌ಗೆ ವಾಪಸ್ ಬರುತ್ತದೆ ಎಂದು ಕೂರಲು ಆಗುತ್ತದಾ ಮಾರಾಯ್ರೇ? ನಮ್ಮ ಮಾವನ ಮನೆ ಉಳಿದದ್ದು ಕಲ್ಲಿನಿಂದಲೇ.

ಆದರೆ ಇನ್ನೊಂದೂ ಹೇಳುತ್ತೇನೆ. ಕಲ್ಲು ಬಂದ ಮೇಲೆ ಕೈರಂಪಣಿ (ದಡದಲ್ಲಿ ನಿಂತು ಬಲೆ ಎಳೆಯುವ ಮೀನುಗಾರಿಕೆ) ನಿಂತುಹೋಯಿತು. ಬಲೆ ಎಳೆಯಬೇಕಾದರೆ 20-30 ಜನ ಎರಡು ಬದಿ ನಿಲ್ಲುವಷ್ಟು ಮರಳು ಬೇಕು. ಕಲ್ಲಿನ ಮೇಲೆ ನಿಂತು ಬಲೆ ಎಳೆಯಲಿಕ್ಕಾಗುತ್ತದಾ? ನಾಡದೋಣಿಯವರು ದೋಣಿಯನ್ನು ದೂರದ ಅಳಿವೆಯಲ್ಲಿ ಕಟ್ಟುತ್ತಾರೆ, ದಿನಾ ಬೈಕಿನಲ್ಲಿ ಹೋಗಿ ಬರುತ್ತಾರೆ. ಮನೆ ಉಳಿಯಿತು, ಕಸುಬು ಹೋಯಿತು. ನಾನು ಪೀಣ್ಯದಲ್ಲಿ ಮೆಷಿನ್ ಮುಂದೆ ನಿಂತಿರುವುದು ಸುಮ್ನೆ ಅಲ್ಲ.

ಪಡುಮನೆ ಅವರೇ, ನಿಮ್ಮ ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ.

ಸಿವಿಲ್ ಯಲಹಂಕ

ಒಪ್ಪುತ್ತೇನೆ. ಮನೆ ಗೋಡೆಗೆ ಐದು ಮೀಟರ್ ದೂರದಲ್ಲಿ ಅಲೆ ಇದ್ದಾಗ ಬಳ್ಳಿ ನೆಡಿ ಎನ್ನುವವನು ಬೆಂಗಳೂರಿನವನೇ ಇರಬೇಕು. ಅಲ್ಲಿ ಕಲ್ಲೇ ಗತಿ. ಇಲ್ಲವಾದರೆ ಮನೆಯನ್ನೇ ಹಿಂದಕ್ಕೆ ಸರಿಸಬೇಕು. ನಾನು ಹೇಳಿದ್ದು ಇನ್ನೂ ಜಾಗ ಇರುವವರಿಗೆ.

ಉಳ್ಳಾಲದ್ದು ನೆನಪಿಸಿದ್ದು ಒಳ್ಳೆಯದಾಯಿತು. 2010ರಲ್ಲಿ ಒಪ್ಪಿಗೆಯಾದ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲದ ಯೋಜನೆಯಲ್ಲಿ ಅಲ್ಲಿ ನೀರೊಳಗೆ ರೀಫ್, ದಡದಲ್ಲಿ ಬರ್ಮ್ (ಒಡ್ಡು) ಎಲ್ಲ ಬಂದವು. ಆಮೇಲೆ ಕೊರೆತದ ಸುದ್ದಿ ದಕ್ಷಿಣದ ಸೋಮೇಶ್ವರ, ಉಚ್ಚಿಲ ಕಡೆಯಿಂದ ಬರತೊಡಗಿತು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಡುತ್ತದೆ.

ಕುಮಟಾದವಳು (ಈಗ ಮಲ್ಲೇಶ್ವರ)

ಅಣ್ಣನ ಮಗನಿಗೆ ಒಂದು ಮಾತು ಹೇಳಿ. ಹುಡುಗನ ಮನಸ್ಸು ಒಳ್ಳೆಯದು, ಆದರೆ ತೆರೆದ ಕಡಲ ದಡದಲ್ಲಿ ಕಾಂಡ್ಲಾ ಬದುಕುವುದಿಲ್ಲ. ಅಲೆ ಬಡಿಯುವ ಮರಳಿನಲ್ಲಿ ಅದಕ್ಕೆ ಬೇರು ಬಿಡಲು ಆಗದು. ಅದಕ್ಕೆ ಕೆಸರು ಬೇಕು, ಉಪ್ಪು-ಸಿಹಿ ಸೇರಿದ ನೀರು ಬೇಕು, ದಿನಾ ಉಬ್ಬರ ಬಂದು ಇಳಿತದಲ್ಲಿ ಬುಡ ಬಯಲಾಗಬೇಕು. ಅಂದರೆ ಅಳಿವೆಯ ಒಳಗೆ, ಹಿನ್ನೀರಿನ ದಂಡೆಯಲ್ಲಿ.

ನಮ್ಮ ಅಘನಾಶಿನಿ ಹೊಳೆಯಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ ಗಜನಿಗೆ ಬನ್ನಿ. ಗಜನಿ ಎಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದ ಕಾಲದಲ್ಲಿ ಸಿಗಡಿ, ಮೀನು. ಕಗ್ಗ ಉಪ್ಪು ನೀರನ್ನೂ ತಡೆಯುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗದ್ದೆಗೆ ಮಣ್ಣಿನ ಕಟ್ಟೆ. ಹಿಂದಿನವರು ಕಟ್ಟೆಯ ಹೊರಗೆ ಕಾಂಡ್ಲಾ ಬಿಡುತ್ತಿದ್ದರು. ಅದನ್ನು ಕಡಿದ ಕಡೆ ಕಟ್ಟೆ ಒಡೆಯಿತು, ಅಷ್ಟೇ. ಇದನ್ನು ಹೇಳಲು ಯಾವ ವರದಿಯೂ ಬೇಕಿರಲಿಲ್ಲ, ನಮ್ಮ ಅಜ್ಜಿಗೆ ಗೊತ್ತಿತ್ತು. ವರದಿಯೇ ಬೇಕು ಎಂದರೆ, 100 ಮೀಟರ್ ಅಗಲದ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ಶೇ. 13ರಿಂದ 66ರಷ್ಟು ಇಳಿಸುತ್ತದೆ ಎಂದು ಬೇರೆ ಬೇರೆ ದೇಶಗಳಲ್ಲಿ ಅಳೆದಿದ್ದಾರೆ. 13ಕ್ಕೂ 66ಕ್ಕೂ ಎಷ್ಟು ಅಂತರ ನೋಡಿ. ಕಾಡು ಎಷ್ಟು ದಟ್ಟ, ಯಾವ ಜಾತಿ, ನೀರು ಎಷ್ಟು ಆಳ ಎಂಬುದರ ಮೇಲೆ ಹೋಗುತ್ತದೆ. ಮೂರು ಸಾಲು ಗಿಡ ನೆಟ್ಟು ಫೋಟೋ ತೆಗೆಸಿಕೊಂಡರೆ ಏನೂ ಇಳಿಯುವುದಿಲ್ಲ.

ಹೌದು, ನೆಡುವ ಹುಚ್ಚಿನ ಬಗ್ಗೆಯೂ ಹೇಳಬೇಕು. 2004ರ ಸುನಾಮಿ ಆದ ಮೇಲೆ ಶ್ರೀಲಂಕಾದಲ್ಲಿ ಎಲ್ಲರೂ ಕಾಂಡ್ಲಾ ನೆಟ್ಟರು. ಆಮೇಲೆ ಹೋಗಿ 23 ಜಾಗ ನೋಡಿದರೆ 9ರಲ್ಲಿ ಒಂದು ಗಿಡವೂ ಇರಲಿಲ್ಲ. ಜಾಗ ತಪ್ಪು, ಜಾತಿ ತಪ್ಪು, ನೆಟ್ಟ ಮೇಲೆ ನೋಡುವವರಿಲ್ಲ. ಜಾಸ್ತಿ ಕಡೆ ನೆಡುವ ಅಗತ್ಯವೇ ಇರುವುದಿಲ್ಲ. ನೀರಿನ ಓಡಾಟಕ್ಕೆ ಅಡ್ಡ ಇದ್ದ ಕಟ್ಟೆ ತೆಗೆದರೆ ಬೀಜ ತಾನೇ ತೇಲಿಕೊಂಡು ಬರುತ್ತದೆ. ಕಾಂಡ್ಲಾದ ಬೀಜ ಮರದಲ್ಲೇ ಮೊಳೆತು ಉದ್ದ ಕೋಲಿನ ಹಾಗೆ ನೇತಾಡುತ್ತಿರುತ್ತದೆ, ಬಿದ್ದಲ್ಲಿ ಚುಚ್ಚಿಕೊಂಡು ನಿಲ್ಲುತ್ತದೆ. ಅದಕ್ಕೆ ನಮ್ಮ ಸಸಿಚೀಲ ಯಾಕೆ?

(ಅಘನಾಶಿನಿಗೆ ಅಡ್ಡ ಅಣೆಕಟ್ಟು ಇಲ್ಲ. ಅದಕ್ಕೇ ಅಳಿವೆಗೆ ಇನ್ನೂ ಹೂಳು, ಮರಳು ಬರುತ್ತಿದೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಊರ ಅಭಿಮಾನ, ಕ್ಷಮಿಸಿ.)

ಸುಮ್ನೆ ಓದುಗ

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಕೂತು ಕಡಲಿನ ಚರ್ಚೆ. ಚೆನ್ನಾಗಿದೆ.

ರಂಪಣಿ

ನಿಮ್ಮ ಮನೆ ತಾರಸಿಗೆ ಹಾಕಿದ ಮರಳು ಎಲ್ಲಿಂದ ಬಂತು ಎಂದು ನಿಮ್ಮ ಮೇಸ್ತ್ರಿಯನ್ನು ಕೇಳಿ ಸ್ವಾಮಿ. ಆಮೇಲೆ ಮಾತಾಡೋಣ.

ಸುಮ್ನೆ ಓದುಗ

ಕೇಳಿದೆ. ನಮ್ಮದು ಎಂ-ಸ್ಯಾಂಡ್, ಕಲ್ಲು ಪುಡಿ ಮಾಡಿದ ಮರಳು. ಆದರೆ ಅಪ್ಪ 2006ರಲ್ಲಿ ಕೆಳಗಿನ ಮನೆ ಕಟ್ಟಿಸಿದಾಗ ಹೊಳೆ ಮರಳು. ಲಾರಿಯವನು ಘಟ್ಟದ ಕೆಳಗಿನದ್ದು ಎಂದು ಹೆಮ್ಮೆಯಿಂದ ಹೇಳಿದ್ದನಂತೆ. ಸರಿ, ನಾನು ಸುಮ್ನೆ ಓದುತ್ತೇನೆ.

ಜಕ್ಕೂರು ವಾಕರ್

ಸೇರಬಹುದಾ? ನಾನು ಕಡಲು ನೋಡಿದ್ದು ಪ್ರವಾಸದಲ್ಲಿ ಮಾತ್ರ. ಆದರೆ ದಂಡೆಯ ಜಗಳ ನನಗೂ ಗೊತ್ತು.

ನಮ್ಮ ಬೆಂಗಳೂರಲ್ಲಿ ಕೆರೆ ಉಳಿಸುವುದು ಎಂದರೆ ಎಷ್ಟೋ ಕಡೆ ಹೀಗೆ: ಹೂಳೆತ್ತು, ಸುತ್ತ ನೆಟ್ಟಗೆ ಕಲ್ಲು ಕಟ್ಟು, ಮೇಲೆ ನಡೆಯುವ ದಾರಿ ಮಾಡು. ಬಟ್ಟಲಿನ ಹಾಗೆ. ನೋಡಲು ಚೊಕ್ಕ. ಜೊಂಡು ಬೆಳೆಯುವ ತೆಳು ನೀರಿನ ಅಂಚು ಇಲ್ಲ, ಕಾಲೂರಿ ನಿಲ್ಲುವ ಹಕ್ಕಿಗೆ ಜಾಗ ಇಲ್ಲ. ಜಕ್ಕೂರಿನಲ್ಲಿ ಸ್ವಲ್ಪ ಬೇರೆ. ಶುದ್ಧೀಕರಣ ಘಟಕದ ನೀರು ಮೊದಲು ಜೊಂಡಿನ ಜೌಗಿಗೆ ಬಂದು, ಅಲ್ಲಿ ನಿಧಾನಿಸಿ, ಆಮೇಲೆ ಕೆರೆಗೆ ಹೋಗುತ್ತದೆ. ಮೊದಮೊದಲು ನಮ್ಮ ಲೇಔಟಿನವರೇ "ಯಾಕೆ ಇಷ್ಟು ಕಳೆ ಬಿಟ್ಟಿದ್ದಾರೆ, ಕ್ಲೀನ್ ಮಾಡಿಸಿ" ಎಂದು ಗಲಾಟೆ ಮಾಡಿದ್ದರು. ನಾನೂ ಸಹಿ ಹಾಕಿದ್ದೆ. ಈಗ ಬೆಳಿಗ್ಗೆ ಕ್ಯಾಮೆರಾ ಹಿಡಿದು ಅದೇ ಕಳೆಯ ಮುಂದೆ ನಿಲ್ಲುತ್ತೇನೆ.

ಪಡುಮನೆ ಅವರೇ, ದಿಬ್ಬ ಸಮತಟ್ಟು ಮಾಡಿದೆವು ಎಂದಿರಲ್ಲ, ಅದನ್ನು ಓದಿ ಇದು ನೆನಪಾಯಿತು.

ಪಡುಮನೆ

ಆ ದಿಬ್ಬದ ಮಾತು ನನಗೂ ಚುಚ್ಚುತ್ತಿದೆ. ಅದರ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. ಎಲೆ ಆಡಿನ ಗೊರಸಿನ ಹಾಗೆ ಎರಡಾಗಿ ಸೀಳಿರುತ್ತದಲ್ಲ, ಅದು. ಮತ್ತೆ ಚೂಪು ಮುಳ್ಳಿನ ಉಂಡೆ ಉರುಳುವ ಹುಲ್ಲು, ನಾವು ರಾವಣನ ಮೀಸೆ ಎನ್ನುತ್ತಿದ್ದೆವು. ಕಾಲಿಗೆ ಚುಚ್ಚುತ್ತದೆ ಎಂದು ಅಪ್ಪನೇ ಕೀಳಿಸಿದ್ದರು.

ಅದನ್ನು ಮತ್ತೆ ತರಲು ಆಗುತ್ತದಾ?

ಕುಮಟಾದವಳು

ಆಗುತ್ತದೆ. ಆದರೆ ಮೊದಲು ಮರಳು, ಆಮೇಲೆ ಬಳ್ಳಿ.

ಡಿಸೆಂಬರ್‌ನಿಂದ ಮೇ ತನಕ ಕಡಲ ಗಾಳಿ ಒಣ ಮರಳನ್ನು ಮೇಲಕ್ಕೆ ಒಯ್ಯುತ್ತದೆ. ಅದಕ್ಕೆ ಏನಾದರೂ ಅಡ್ಡ ಸಿಕ್ಕರೆ ಅಲ್ಲೇ ಬೀಳುತ್ತದೆ. ಒಣಗಿದ ತೆಂಗಿನ ಮಡಲು ಸಾಕು. ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ ಸಾಲಾಗಿ ಹೂತು ಬೇಲಿ ಮಾಡಿ. ಬಿಗಿ ಬೇಲಿ ಬೇಡ, ಅರ್ಧದಷ್ಟು ಸಂದು ಇರಲಿ. ಸಂದು ಇಲ್ಲದಿದ್ದರೆ ಗಾಳಿ ಮೇಲಿಂದ ಹಾರಿ ಹಿಂದೆ ಗುಂಡಿ ತೋಡುತ್ತದೆ. ಈ ಮಳೆಗಾಲದಲ್ಲಿ ನೀರು ಎಲ್ಲಿ ತನಕ ಬಂದಿತ್ತೋ ಅದಕ್ಕಿಂತ ಮೇಲೆ ಹಾಕಿ. ಬೇಲಿ ಮುಚ್ಚಿದ ಮೇಲೆ ಅದರ ಮೇಲೇ ಇನ್ನೊಂದು. ಮರಳು ಕೂತ ಕಡೆ ಬಳ್ಳಿಯ ತುಂಡು ಹೂಳಿ. ಆ ಬಳ್ಳಿಗೆ ಮರಳು ಮುಚ್ಚಿದಷ್ಟೂ ಖುಷಿ, ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತದೆ. ದಿಬ್ಬದ ಹಿಂದೆ ಮುಂಡಿಗೆ (ಕೇದಿಗೆ ಜಾತಿಯ ಗಿಡ), ಅದರ ಹಿಂದೆ ಸುರಹೊನ್ನೆ ಮರ. ಗಾಳಿ ಮರ (ಕ್ಯಾಸುರಿನಾ) ಮಾತ್ರ ದಡದ ತುದಿಗೆ ಬೇಡ. ಅದರ ಕೆಳಗೆ ಬೇರೇನೂ ಬೆಳೆಯುವುದಿಲ್ಲ, ಬುಡ ಕೊರೆದರೆ ಸಾಲಾಗಿ ಬೀಳುತ್ತದೆ, ಆಮೆ ಮೊಟ್ಟೆಯಿಡಲು ಬಂದರೆ ಬೇರು ಅಡ್ಡ.

ಬೇಲಿಗೆ ಅಥವಾ ಚೀಲ ತುಂಬಲು ಅದೇ ದಡದ ಮರಳು ತೋಡಬೇಡಿ. ಅಂಗಿಯ ತೇಪೆಗೆ ಅದೇ ಅಂಗಿಯ ತೋಳು ಕತ್ತರಿಸಿದ ಹಾಗೆ.

ವಕೀಲ ಬಸವನಗುಡಿ

ಎರಡೇ ಮಾತು. ಒಂದು, ಖಾಸಗಿಯಾಗಿ ಕಡಲಿಗೆ ಕಲ್ಲು ಸುರಿಯಲು ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕು. 11 ಮನೆ ಸೇರಿ ದುಡ್ಡು ಹಾಕಿದ ಮಾತ್ರಕ್ಕೆ ಆಗುವ ಕೆಲಸ ಅಲ್ಲ. ಎರಡು, 2019ರ ಅಧಿಸೂಚನೆಯಲ್ಲಿ ಮರಳ ದಿಬ್ಬ, ಕಾಂಡ್ಲಾ, ಆಮೆ ಗೂಡಿಡುವ ಜಾಗ ಎಲ್ಲವೂ ಅತಿ ಸೂಕ್ಷ್ಮ ವರ್ಗ. ದಿಬ್ಬ ಸಮತಟ್ಟು ಮಾಡುವುದು ಇನ್ನು ಮುಂದೆ ಮನೆ ವಿಷಯ ಅಲ್ಲ. ಅದೇ ಅಧಿಸೂಚನೆ ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ದಡದಿಂದ ಕಟ್ಟಡ ಕಟ್ಟಬಾರದ ದೂರವನ್ನು 200 ಮೀಟರ್‌ನಿಂದ 50ಕ್ಕೆ ಇಳಿಸಿತು ಎಂಬುದೂ ನಿಜ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ.

ಸಿವಿಲ್ ಯಲಹಂಕ

ಮರಳಿನಿಂದಲೇ ಮರಳು ಉಳಿಸುವ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು ನೆದರ್‌ಲ್ಯಾಂಡ್ಸ್. 2011ರಲ್ಲಿ ಒಂದೇ ಕಡೆ 2 ಕೋಟಿ 15 ಲಕ್ಷ ಘನ ಮೀಟರ್ ಮರಳು ಸುರಿದರು. ಅದನ್ನು ಅಕ್ಕಪಕ್ಕದ ದಡಕ್ಕೆ ಹಂಚುವ ಕೆಲಸ ಅಲೆ ಮತ್ತು ಗಾಳಿಗೆ ಬಿಟ್ಟರು. ನಮಗೆ ಅಷ್ಟು ದುಡ್ಡು ಇಲ್ಲ. ಆದರೆ ಬಂದರಿನಲ್ಲಿ ಹೂಳೆತ್ತಿದಾಗ ಸಿಗುವ ಮರಳನ್ನು ದೂರದ ಕಡಲಿಗೆ ಎಸೆಯುವ ಬದಲು, ಶುದ್ಧ ಇದ್ದರೆ, ಕೊರೆತ ಇರುವ ದಡದ ಮುಂದೆ ಹಾಕಬಹುದಲ್ಲ ಎಂದು ನಾನು ನೌಕರಿಯಲ್ಲಿದ್ದಾಗ ಎರಡು ಸಲ ಬರೆದಿದ್ದೆ. ಫೈಲು ಎಲ್ಲೋ ಬೆಚ್ಚಗೆ ಮಲಗಿದೆ.

ಇಂಡೋನೇಷ್ಯಾದ ಡೆಮಾಕ್‌ನದ್ದೂ ಹೇಳಿಬಿಡುತ್ತೇನೆ. 2015ರಿಂದ ಅಲ್ಲಿ ಕೆಸರು ಹಿಡಿಯಲು ಕಟ್ಟಿಗೆ, ಬಿದಿರಿನ ಸಂದಿರುವ ಬೇಲಿ ಹಾಕಿದರು. ನಿಮ್ಮ ಮಡಲಿನ ಬೇಲಿಯ ಅಣ್ಣ ಎನ್ನಿ. ಕೆಲವು ಕಡೆ ಕೆಸರು ಕೂತಿತು, ಕಾಂಡ್ಲಾ ತಾನೇ ಬಂತು. ಆದರೆ ಊರಿನವರು, ಕಾರ್ಖಾನೆಯವರು ಬೋರ್‌ವೆಲ್‌ನಿಂದ ನೀರೆತ್ತಿದ್ದಕ್ಕೆ ನೆಲವೇ ಕುಸಿಯುತ್ತಿತ್ತು. ಬೇಲಿ ಗೆದ್ದರೂ ನೆಲ ಸೋತಿತು. ಗಿಡ, ಬೇಲಿ ಎಲ್ಲಕ್ಕೂ ಮಿತಿ ಇದೆ.

ಪಡುಮನೆ, ಡಿಸೆಂಬರ್

ಊರಿಗೆ ಹೋಗಿ ಬಂದೆ. ಯಲಹಂಕ ಸರ್ ಮಾತು ಓದಿ, ಯಾರಿಗೆ ಎಷ್ಟು ಜಾಗ ಉಳಿದಿದೆ ಎಂದು ಅಳೆದೆವು. ಜಗಲಿ ಕಂಬದಿಂದ ಮಳೆಗಾಲದ ನೀರಿನ ಗುರುತಿಗೆ ನಮ್ಮಲ್ಲಿ 31 ಮೀಟರ್. ಉತ್ತರದ ಮನೆಗಳಿಗೆ 40ರ ಮೇಲೆ. ದಕ್ಷಿಣದ ಕೊನೆಯ ಮೂರು ಮನೆಗೆ 10ಕ್ಕೂ ಕಡಿಮೆ.

ಸಭೆಯಲ್ಲಿ ದೊಡ್ಡ ಜಗಳವೇ ಆಯಿತು. ಆ ಮೂರು ಮನೆಯವರು "ನಿಮಗೆ ಜಾಗ ಇದೆ, ಬಳ್ಳಿ ಮಾತಾಡುತ್ತೀರಿ" ಎಂದರು. ತಪ್ಪೇನಿಲ್ಲ. ಅವರಿಗೆ ಕಲ್ಲಿನ ಅರ್ಜಿಗೆ ನಾವೆಲ್ಲ ಸಹಿ ಹಾಕಿದೆವು. ನಮ್ಮ ಎಂಟು ಮನೆ ಕಲ್ಲು ಬೇಡ ಎಂದೆವು. 12ನೇ ಮನೆಯವರನ್ನೂ ಕರೆದಿದ್ದೆವು. ಅವರು ಒಬ್ಬ ವಿಧವೆ, ಮೀನು ಮಾರುತ್ತಾರೆ. ಈ ತನಕ ಯಾರೂ ಕೇಳಿಯೇ ಇರಲಿಲ್ಲವಂತೆ. ಕಲ್ಲು ಬಂದರೆ ಅವರ ಬದಿಯ ಹೊಡೆತಕ್ಕೆ ಏನು ಮಾಡುವುದು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ನನಗೆ ರಾತ್ರಿ ನಿದ್ದೆ ಕೆಡಿಸುವುದು ಅದೇ.

ಬೇಲಿ ಹಾಕಿದೆವು. ಬಿದ್ದ ನಾಲ್ಕು ತೆಂಗಿನ ಮಡಲು ಬೇಕಾದಷ್ಟಿತ್ತು. ಎರಡು ಸಾಲು, ನಡುವೆ ದೋಣಿ ಬರಲು ಓರೆಯಾಗಿ ದಾರಿ. ಓರೆ ಯಾಕೆ ಎಂದರೆ ಗಾಳಿ, ನೀರು ಎರಡೂ ನೇರ ನುಗ್ಗಬಾರದು ಎಂದು ಅಮ್ಮ ಹೇಳಿದ್ದು. ಖರ್ಚು ಚಹಾ, ಬನ್ಸ್, ಹಗ್ಗ ಸೇರಿ 1,400 ರೂಪಾಯಿ.

ಪಡುಮನೆ, ಮಾರ್ಚ್

ಹಿಂದಿನ ಸಾಲಿನಲ್ಲಿ ಮೊಣಕಾಲು ಮಟ್ಟ ಮರಳು ಕೂತಿದೆ. ಒಂದು ಭಾನುವಾರ ಯಾರೋ ಪ್ರವಾಸಿಗರು ಜೀಪ್ ಹತ್ತಿಸಿ ಎಂಟು ಮೀಟರ್ ಬೇಲಿ ಮುರಿದರು. ನೋಂದಣಿ ಸಂಖ್ಯೆ ಕೆಎ 04. ನಮ್ಮ ಬೆಂಗಳೂರಿನದ್ದೇ!

ಪಡುಮನೆ, ಜೂನ್ ಕೊನೆ

ಮೊದಲ ದೊಡ್ಡ ಉಬ್ಬರ ಆಯಿತು. ಮುಂದಿನ ಸಾಲು ಪೂರ್ತಿ ಹೋಯಿತು. ಅತ್ತಿಗೆ ಅಳುತ್ತಾ ಫೋನ್ ಮಾಡಿದರು. ಬೆಳಿಗ್ಗೆ ಅಣ್ಣ ನೋಡಿದರೆ ಹಿಂದಿನ ದಿಬ್ಬದ ಮುಖ ಅರ್ಧ ಕತ್ತರಿಸಿದ ಹಾಗೆ ನಿಂತಿದೆ, ಆದರೆ ನೀರು ದಿಬ್ಬ ದಾಟಿಲ್ಲ. ತೆಂಗು ಒಂದೂ ಬಿದ್ದಿಲ್ಲ. ಇನ್ನೂ ಜುಲೈ, ಆಗಸ್ಟ್ ಇದೆ, ಗೊತ್ತು.

ಕುಮಟಾದವರೇ, ಉಳಿದ ದಿಬ್ಬಕ್ಕೆ ಬಳ್ಳಿ ಈಗಲೇ ನೆಡಬಹುದಾ, ಮಳೆ ಬಿಡಲಿ ಎಂದು ಕಾಯಬೇಕಾ?

ಕುಮಟಾದವಳು

ಈಗಲೇ ನೆಡಿ, ಮಳೆಯಲ್ಲಿ ಬೇರು ಹಿಡಿಯುತ್ತದೆ. ಮನೆ ಬದಿಯ ಇಳಿಜಾರಿಗೆ ಮಾತ್ರ. ಕಡಲ ಬದಿಯ ಕತ್ತರಿಸಿದ ಮುಖವನ್ನು ಮುಟ್ಟಬೇಡಿ, ಅಲೆ ಬಂದು ತಿನ್ನಲಿ, ಅದಕ್ಕೇ ಅಲ್ವಾ ಅದು ಇರುವುದು. ತುಂಡು ಒಂದು ಮೊಳ ಉದ್ದ ಇರಲಿ, ಎರಡು ಗೆಣ್ಣು ಮರಳೊಳಗೆ. 12ನೇ ಮನೆಯವರ ಹಿತ್ತಲಿಗೂ ನಾಲ್ಕು ತುಂಡು ಕೊಡಿ.